ಪೇತ್ರನು ಊಟದಿಂದ ಎದ್ದದ್ದಕ್ಕೆ ಏನು ಹೆಸರು?

ಇವತ್ತಿನ ವಾಕ್ಯಭಾಗ ಗಲಾತ್ಯದವರಿಗೆ ಬರೆದ ಪತ್ರಿಕೆ 2ನೇ ಅಧ್ಯಾಯ, 11ರಿಂದ 14ನೇ ವಚನ.

ಅಂತಿಯೋಕ್ಯದಲ್ಲಿ ಪೇತ್ರ ಅನ್ಯಜನರ ಜೊತೆ ಕೂತು ಊಟ ಮಾಡ್ತಿದ್ದ. ಯಾಕೋಬನ ಕಡೆಯವರು ಬಂದ ಮೇಲೆ ಮೆಲ್ಲಗೆ ಹಿಂದೆ ಸರಿದ. ನೋಡ್ರಿ, ಅವನು ಯಾರನ್ನೂ ಬೈದ ಅಂತ ಇಲ್ಲಿ ಬರೆದಿಲ್ಲ. ಊಟಕ್ಕೆ ಬೇರೆಯಾದ, ಅಷ್ಟೇ. ನಾವಾಗಿದ್ರೆ 'ಬಂದವರಿಗೆ ಬೇಜಾರಾಗಬಾರದು ಅಂತ ಅಡ್ಜಸ್ಟ್ ಮಾಡ್ಕೊಂಡ' ಅಂತಿದ್ವಿ. ಪೌಲ ಹಂಗ ಅನ್ನಲಿಲ್ಲ. ಎಲ್ಲರ ಮುಂದೆ ಎದುರು ನಿಂತು ಕೇಳಿದ. ಅದನ್ನು ಕಪಟ ಅಂತಲೇ ಬರೆದ. ಯಾಕಂದ್ರೆ ಅಷ್ಟರಲ್ಲಿ ಬಾರ್ನಬನೂ ಎದ್ದು ಹೋಗಿದ್ದ. ಹೆಸರಿಡದ ಪಾಪ ಒಬ್ಬರಿಂದ ಒಬ್ಬರಿಗೆ ಹರಡುತ್ತದೆ.

2016ರ ಜನವರಿ 31ರ ರಾತ್ರಿ ಬೆಂಗಳೂರಿನ ಹೆಸರಘಟ್ಟ ರಸ್ತೆ ಕಡೆ ಸುಡಾನ್ ದೇಶದ ವಿದ್ಯಾರ್ಥಿಯ ಕಾರಿಗೆ ಸಿಕ್ಕು ಒಬ್ಬ ಹೆಂಗಸು ತೀರಿಕೊಂಡಳು. ಸ್ವಲ್ಪ ಹೊತ್ತಿಗೆ ಟಾಂಜಾನಿಯಾದ ವಿದ್ಯಾರ್ಥಿನಿ ಗೆಳೆಯರ ಜೊತೆ ಅಲ್ಲಿಗೆ ಬಂದಳು. ಅವಳಿಗೂ ಆ ಅಪಘಾತಕ್ಕೂ ಸಂಬಂಧವೇ ಇರಲಿಲ್ಲ. ಆದರೂ ಗುಂಪು ಹೊಡೆಯಿತು, ಬಟ್ಟೆ ಹರಿಯಿತು, ಅವರ ಕಾರು ಸುಟ್ಟಿತು. ಅಂದಿನ ಗೃಹ ಸಚಿವ ಜಿ. ಪರಮೇಶ್ವರ್ ಇದು ಜನಾಂಗೀಯ ದಾಳಿ ಅಲ್ಲ, ಮೊದಲಿನ ಅಪಘಾತಕ್ಕೆ ಜನರ ಪ್ರತಿಕ್ರಿಯೆ ಅಂದರು. ಸರಿ, ಆದರೆ ಸಂಬಂಧವೇ ಇಲ್ಲದ ಅವಳನ್ನು ಯಾಕೆ ಹಿಡಿದರು? ಅವಳಲ್ಲೂ ಆ ಡ್ರೈವರಲ್ಲೂ ಗುಂಪಿಗೆ ಒಂದೇ ಆಗಿ ಕಂಡದ್ದು ಏನು? 'ಪ್ರತಿಕ್ರಿಯೆ' ಅನ್ನುವ ಮಾತು ಈ ಪ್ರಶ್ನೆಯನ್ನೇ ನುಂಗಿಬಿಡ್ತದೆ.

ಅದು ಮೈಬಣ್ಣದ ಮಾತಾಯ್ತು. ನಮ್ಮ ಮನೆಯೊಳಗಿನದು ಜಾತಿ. ಚಿಮ್ಮನಚೋಡ, ಚಿಂಚೋಳಿ, ಸೇಡಂ ಕಡೆಯಿಂದ ಬೆಂಗಳೂರಿಗೆ, ಹೈದರಾಬಾದಿಗೆ ಕೆಲಸಕ್ಕೆ ಹೋದ ಮಕ್ಕಳೇ, ನಿಮಗೆ ಗೊತ್ತಿದೆ. ಊರಲ್ಲಿ ಬೇರೆ ಲೋಟ ಇಟ್ಟರೆ ಅದು 'ಮೊದಲಿಂದ ಬಂದ ಪದ್ಧತಿ'. ಸಿಟಿಯಲ್ಲಿ ಬಾಡಿಗೆ ಮನೆ ಕೊಡದಿದ್ದರೆ 'ಓನರ್ ಪ್ಯೂರ್ ವೆಜ್'. ಸಭೆಯಲ್ಲಿ ಒಂದೇ ರೊಟ್ಟಿ, ಒಂದೇ ಪಾತ್ರೆ. ಮದುವೆ ಮಾತು ಬಂದಾಗ ಮಾತ್ರ 'ಹುಡುಗ ಒಳ್ಳೆ ವಿಶ್ವಾಸಿ, ಆದರೆ ಫ್ಯಾಮಿಲಿ ಬ್ಯಾಕ್‌ಗ್ರೌಂಡ್ ಮ್ಯಾಚ್ ಆಗಲ್ಲ'. ಅಂತಿಯೋಕ್ಯದಲ್ಲಿ ಪೇತ್ರ ಎದ್ದದ್ದೂ ಹಿಂಗೇ, ಸದ್ದಿಲ್ಲದೆ.

'ಬ್ರದರ್, ಹೆಸರಿಟ್ಟು ಹೇಳಿದರೆ ಸಭೆ ಒಡೆಯುತ್ತೆ, ಮೃದುವಾಗಿ ಮಾತಾಡು ಅಂತ ವಾಕ್ಯವೇ ಹೇಳುತ್ತೆ' ಅಂತ ಕೆಲವರು ಕೇಳ್ತಾರೆ. ಒಪ್ತೀನಿ. ಜಾತಿ ಹೆಸರು ಹಿಡಿದು ಒಬ್ಬರನ್ನು ಹೀಯಾಳಿಸದೆ, ಗೌರವದ ಮಾತು ಬಳಸೋದು ಪ್ರೀತಿ. ಆದರೆ ಮೃದುತನ ಮನುಷ್ಯನಿಗೆ ಸಲ್ಲಬೇಕು, ಅವನಿಗೆ ಮಾಡಿದ ಅನ್ಯಾಯಕ್ಕಲ್ಲ. ನೊಂದವರ ಮಾನ ಕಾಯುವ ಮಾತು ಒಂದು, ನೋಯಿಸಿದವರ ಮುಖ ಉಳಿಸುವ ಮಾತು ಇನ್ನೊಂದು. ನಮ್ಮ ಸಂವಿಧಾನ 'ಎಲ್ಲರೂ ಸಮಾನರು' ಅಂತ ಹೇಳಿ ಸುಮ್ಮನಾಗಲಿಲ್ಲ. 17ನೇ ವಿಧಿಯಲ್ಲಿ ಅಸ್ಪೃಶ್ಯತೆ ಅಂತ ಹೆಸರಿಟ್ಟೇ ಅದನ್ನು ತೆಗೆದುಹಾಕಿತು. ಹೆಸರಿಲ್ಲದ್ದನ್ನು ನಿಷೇಧಿಸಲೂ ಆಗಲ್ಲ, ಅದಕ್ಕಾಗಿ ಪಶ್ಚಾತ್ತಾಪ ಪಡಲೂ ಆಗಲ್ಲ. ಸಭೆ ಒಡೆದದ್ದು ಪೌಲನ ಮಾತಿನಿಂದಲ್ಲ ಪ್ರಿಯರೇ, ಪೇತ್ರ ಎದ್ದಾಗಲೇ ಒಡೆದಿತ್ತು.

ಈ ವಾರ ಯಾರಾದ್ರೂ 'ಅವರು ನಮ್ಮ ಕಡೆಯವರಲ್ಲ' ಅಂದರೆ, ಸಿಟ್ಟು ಮಾಡಬೇಡಿ. ಮೆತ್ತಗೆ ಕೇಳಿ: ಯಾವ ಕಡೆ? ಅದು ನಿಮ್ಮ ಅಪ್ಪ ಅಮ್ಮನೇ ಆಗಿರಬಹುದು. ಗೌರವದಿಂದಲೇ ಕೇಳಿ, ಆದರೆ ಉತ್ತರ ಬರುವವರೆಗೆ ಊಟದಿಂದ ಏಳಬೇಡಿ.

ಕರ್ತನು ನಮಗೆ ನೇರವಾದ ನಾಲಿಗೆ ಕೊಡಲಿ. ಆಮೆನ್.