ಹಾಲೆರೆದವನ ಹೊಣೆ

ಪರರ ಸೊತ್ತನ್ನು ಮುಟ್ಟಬಾರದೆಂಬುದು ಎಲ್ಲರೂ ಒಪ್ಪಿದ ನೀತಿ. ಹಸಿದು ಬಂದ ಜೀವಕ್ಕೆ ಉಣಬಡಿಸಬೇಕೆಂಬುದೂ ಎಲ್ಲರೂ ಒಪ್ಪಿದ ನೀತಿಯೇ. ಈ ಎರಡೂ ತಮ್ಮ ತಮ್ಮ ದಾರಿಯಲ್ಲಿ ನಡೆದಿರುವವರೆಗೆ ನಮಗೆ ತೊಡಕಿಲ್ಲ. ಆದರೆ ಪರರ ಸೊತ್ತೇ ಹಸಿದು ಬಂದು ನಮ್ಮ ಹೊಸ್ತಿಲ ಮುಂದೆ ಕುಳಿತರೆ ಮಾಡಬೇಕಾದುದೇನು? ಪ್ರಶ್ನೆ ಚಿಕ್ಕದೆಂದು ಓದುಗರು ನಗಬಾರದು. ದೊಡ್ಡ ಧರ್ಮಸಂಕಟಗಳು ನಮ್ಮಂಥ ಸಾಮಾನ್ಯರ ಬಾಳಿನಲ್ಲಿ ಬರುವುದು ಅಪರೂಪ. ಚಿಕ್ಕವು ಬೆಳಗಾದರೆ ಬಾಗಿಲಿಗೆ ಬರುತ್ತವೆ. ನಮ್ಮ ಬಾಗಿಲಿಗೆ ಬಂದುದು ಒಂದು ಬೆಕ್ಕು.

ಧಾರವಾಡದ ಹಳೆಯ ಓಣಿಯೊಂದರಲ್ಲಿ ನಮ್ಮ ಮನೆ. ನೆರೆಮನೆಯವರದು ಕಾಳುಕಡಿಯ ವ್ಯಾಪಾರ. ಜೋಳದ ಚೀಲಗಳಿಗೆ ಇಲಿಯ ಕಾಟ ಹೆಚ್ಚಿದಾಗ ಅವರು ಎಲ್ಲಿಂದಲೋ ಒಂದು ಹೆಣ್ಣು ಮರಿಯನ್ನು ತಂದರು. ಹೊಟ್ಟೆ ತುಂಬಿದ ಬೆಕ್ಕು ಇಲಿ ಹಿಡಿಯದೆಂಬ ಹಳೆಯ ನಂಬಿಕೆಯಂತೆ ಅದಕ್ಕೆ ಊಟವನ್ನೂ ಅಳೆದು ಹಾಕಿದರು. ಕೆಲಕಾಲದ ಮೇಲೆ ಕಾಳಿನ ಚೀಲಗಳು ಬೇರೊಂದು ಗೋದಾಮಿಗೆ ಹೋದವು. ಬೆಕ್ಕು ಮಾತ್ರ ಕೆಲಸ ಮುಗಿದ ಆಳಿನಂತೆ ಓಣಿಯಲ್ಲಿ ಉಳಿಯಿತು. ಅದನ್ನು ಹೊಡೆದವರಿಲ್ಲ, ಓಡಿಸಿದವರಿಲ್ಲ, ನೋಡಿದವರೂ ಇಲ್ಲ.

ಮಳೆಗಾಲದ ಒಂದು ಸಂಜೆ ಅದು ನಮ್ಮ ಕಟ್ಟೆಯ ಮೇಲೆ ಬಂದು ಕೂಗಿತು. ಪಕ್ಕೆಯ ಎಲುಬುಗಳನ್ನು ಎಣಿಸಬಹುದಾಗಿತ್ತು. ನಾನು ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಇಟ್ಟೆ. ಮರುದಿನವೂ ಬಂದಿತು, ಮರುದಿನವೂ ಇಟ್ಟೆ. ಹೀಗೆ ಎರಡು ವರ್ಷ ನಡೆಯಿತು. ಮುಚ್ಚುಮರೆಯಿಲ್ಲದೆ ಹೇಳುವುದಾದರೆ, ಆ ಎರಡು ವರ್ಷ ನನ್ನ ಬಗೆಗೆ ನನಗೆ ಒಳಗೊಳಗೇ ಹೆಮ್ಮೆ, ನೆರೆಯವರ ಬಗೆಗೆ ಒಳಗೊಳಗೇ ತಾತ್ಸಾರ ಇದ್ದವು. ದಯೆಯೆಂದು ನಾನು ತಿಳಿದುದರಲ್ಲಿ ಈ ಎರಡೂ ಬೆರೆತಿದ್ದವೆಂಬುದು ಅಂದು ತೋರಲಿಲ್ಲ.

ಬೆಕ್ಕು ಮರಿ ಹಾಕಿತು. ಹಾಕಿದ ಮರಿಗಳನ್ನು ಬೆಕ್ಕು ಏಳು ಮನೆ ತಿರುಗಿಸುತ್ತದೆಂದು ಹಿರಿಯರು ಹೇಳುತ್ತಾರೆ. ನಮ್ಮ ಓಣಿಯ ಅಟ್ಟಗಳನ್ನೆಲ್ಲ ಅದು ತಿರುಗಿತು. ಮೊದಲ ಸೂಲಿನ ಮರಿಗಳು ಒಂದೊಂದಾಗಿ ಎಲ್ಲಿಯೋ ಮರೆಯಾದವು. ಮುಂದಿನ ಆಷಾಢದ ಮಳೆಯಲ್ಲಿ ಎರಡನೆಯ ಸೂಲು. ಆ ನಾಲ್ಕರಲ್ಲಿ ಒಂದು ಗಟಾರದಲ್ಲಿ ಹರಿದುಹೋಯಿತು, ಒಂದನ್ನು ನಾಯಿ ಹಿಡಿಯಿತು. ಉಳಿದೆರಡನ್ನು ಯಾರೋ ಗೋಣಿಚೀಲದಲ್ಲಿ ಹಾಕಿ ಸಂತೆಪೇಟೆಯ ಕಡೆಗೆ ಬಿಟ್ಟುಬಂದರು. ತಾಯಿಬೆಕ್ಕು ಮೂರು ರಾತ್ರಿ ಮಾಳಿಗೆಯಿಂದ ಮಾಳಿಗೆಗೆ ಅಲೆಯುತ್ತ ಕೂಗಿತು.

ಬೆಕ್ಕನ್ನು ಕೊಂದರೆ ಚಿನ್ನದ ಬೆಕ್ಕನ್ನು ಮಾಡಿಸಿ ದಾನ ಕೊಟ್ಟರೂ ಪಾಪ ತೀರದೆಂದು ಅಂಜುವ ಜನ ನಾವು. ಆದರೆ ಕಣ್ಣು ತೆರೆಯದ ಮರಿಯನ್ನು ಊರಾಚೆ ಬಿಟ್ಟುಬರಲು ನಮಗೆ ಅಂಜಿಕೆಯಿಲ್ಲ. ಕೈಯಿಂದ ಕೊಲ್ಲಲಿಲ್ಲವಲ್ಲ ಎಂಬ ಸಮಾಧಾನ ಸಾಕು! ಚೀಲ ಹೊತ್ತವನನ್ನು ಮನಸಾರೆ ಬೈದುಕೊಳ್ಳುತ್ತಿದ್ದ ನನ್ನೆದುರು ಆ ರಾತ್ರಿ ಇನ್ನೊಂದು ಪ್ರಶ್ನೆ ನಿಂತಿತು. ಈ ಮರಿಗಳು ಹುಟ್ಟಿದ್ದು ಯಾರ ಹಾಲಿನಿಂದ?

ಲೆಕ್ಕ ಕಠಿಣವಲ್ಲ. ಹೆಣ್ಣು ಬೆಕ್ಕು ನಾಲ್ಕೈದು ತಿಂಗಳ ಪ್ರಾಯಕ್ಕೇ ಗರ್ಭ ಧರಿಸಬಲ್ಲುದು. ಗರ್ಭದ ಅವಧಿ ಸುಮಾರು 9 ವಾರ. ಮರಿಗಳು ಮೊಲೆ ಬಿಡುವ ಮೊದಲೇ ಮತ್ತೆ ಬೆದೆಗೆ ಬರುವುದುಂಟು. ವರ್ಷಕ್ಕೆ ಎರಡು ಸೂಲು, ಸೂಲಿಗೆ ನಾಲ್ಕು ಮರಿ ಎಂದು ಹಿಡಿದರೂ ಎಂಟು ಜೀವಗಳಾದವು. ಅವುಗಳಲ್ಲಿ ಅರ್ಧ ಹೆಣ್ಣು. ಹಸಿದ ಬೆಕ್ಕಿಗಿಂತ ಉಂಡ ಬೆಕ್ಕಿಗೆ ಮರಿ ಹೊರುವ ಕಸುವು ಹೆಚ್ಚು. ನಾನು ಒಂದು ಹೊಟ್ಟೆಯನ್ನು ತುಂಬಿ, ತುಂಬಲಾರದ ಎಂಟು ಹೊಟ್ಟೆಗಳಿಗೆ ದಾರಿ ಮಾಡಿದ್ದೆ.

ಪಶುವೈದ್ಯರನ್ನು ಕಂಡು ಕೇಳಿದಾಗ ನನ್ನ ಅಜ್ಞಾನದ ಇನ್ನೊಂದು ಮುಖವೂ ಗೋಚರವಾಯಿತು. ದೊಡ್ಡ ಬೆಕ್ಕುಗಳಲ್ಲಿ ಅನೇಕವು ಹಾಲನ್ನು ಅರಗಿಸಿಕೊಳ್ಳಲಾರವು. ಅವಕ್ಕೆ ಹೊಟ್ಟೆ ಕೆಡುತ್ತದೆ. ಅದಕ್ಕಿಂತ ಮಿಗಿಲಾಗಿ, ಬೆಕ್ಕು ಹುಟ್ಟಾ ಮಾಂಸಾಹಾರಿ. ಟಾರಿನ್ ಎಂಬ ಪೋಷಕಾಂಶವನ್ನು ಅದರ ಶರೀರ ಸಾಕಷ್ಟು ತಯಾರಿಸಿಕೊಳ್ಳಲಾರದು. ಅದಿಲ್ಲದಿದ್ದರೆ ಕಣ್ಣು ಕೆಡುತ್ತದೆ, ಹೃದಯ ಸೋಲುತ್ತದೆ. ಸಸ್ಯಾಹಾರಿಯಾದ ನನಗೆ ಇದು ಕಹಿಯಾದ ಮಾತು. ನನ್ನ ಆಚಾರ ನನಗೆ ದೊಡ್ಡದು, ನಿಜ. ಆದರೆ ಅದನ್ನು ಬೆಕ್ಕಿನ ಮೇಲೆ ಹೊರಿಸಿ, ಅದರ ಕಣ್ಣನ್ನು ನನ್ನ ಆಚಾರದ ಬೆಲೆಯಾಗಿ ತೆರಿಸಬಹುದೇ? ಕೆಲವು ದಿನ ತೊಳಲಾಡಿ, ಬೆಕ್ಕುಗಳಿಗೆಂದೇ ಅಂಗಡಿಯಲ್ಲಿ ಮಾರುವ ಆಹಾರವನ್ನು ತಂದು ಹೊರಗಿನ ಪಡಸಾಲೆಯಲ್ಲಿ ಬೇರೆ ಡಬ್ಬಿಯಲ್ಲಿಟ್ಟೆ. ದಯೆ ತೋರುವವನು ತನಗೆ ಹಿತವೆನಿಸಿದುದನ್ನಲ್ಲ, ಎದುರಿನ ಜೀವಕ್ಕೆ ಬೇಕಾದುದನ್ನು ನೋಡಬೇಕೆಂಬ ಪಾಠವನ್ನು ಆ ಡಬ್ಬಿ ನನಗೆ ಕಲಿಸಿತು.

ಸಂತಾನಹರಣ ಶಸ್ತ್ರಚಿಕಿತ್ಸೆಯೇ ಉಳಿದ ದಾರಿಯೆಂದು ವೈದ್ಯರು ಹೇಳಿದರು. ಅರಿವಳಿಕೆ ಕೊಟ್ಟು ಅಂಡಾಶಯಗಳನ್ನೂ ಗರ್ಭಕೋಶವನ್ನೂ ತೆಗೆಯುತ್ತಾರೆ; ಹತ್ತು ಹದಿನಾಲ್ಕು ದಿನಗಳಲ್ಲಿ ಗಾಯ ಮಾಯುತ್ತದೆ. ಗರ್ಭಕೋಶದಲ್ಲಿ ಕೀವು ತುಂಬಿ ಸಾಯುವ ಭಯವೂ ತಪ್ಪುತ್ತದೆ. ಆದರೆ ಬೆಕ್ಕು ನನ್ನದಲ್ಲ! ನೆರೆಯವರಿಗೆ ಹೇಳದೆಯೇ ಒಯ್ದು ಮಾಡಿಸಿಬಿಡಲೇ ಎಂದು ಯೋಚಿಸಿದೆ. ಅವರು ನೋಡುವುದೇ ಇಲ್ಲ, ತಿಳಿಯುವುದಾದರೂ ಹೇಗೆ? ಓದುಗರೇ, ಈ ಯೋಚನೆಯನ್ನು ನೀವು ಸ್ವಲ್ಪ ನಿಂತು ಪರೀಕ್ಷಿಸಬೇಕು. ಉದ್ದೇಶ ಒಳ್ಳೆಯದಾಗಿದ್ದಾಗ ಕದ್ದು ಮಾಡುವ ಕೆಲಸ ಸಾಹಸದಂತೆ ತೋರುತ್ತದೆ. ವಿಚಾರಿಸಿ ನೋಡಿದರೆ ಅದರ ಅಡಿಯಲ್ಲಿ ಹೇಡಿತನವಿರುತ್ತದೆ. ಬೆಕ್ಕಿನ ಮುಂದೆ ಬಟ್ಟಲಿಡುವುದು ನನಗೆ ಸುಲಭವಾಗಿತ್ತು. ಮನುಷ್ಯನ ಮುಂದೆ ಮಾತಿಡುವುದು ಕಷ್ಟವಾಗಿತ್ತು.

ಕೊನೆಗೆ ಹೋದೆ. ಆ ಮನೆಯ ಯಜಮಾನರು ನನ್ನ ಮಾತನ್ನೆಲ್ಲ ಕೇಳಿ, ಬೆರಗಿನಿಂದ, “ನೀವು ದಿನಾ ಹಾಲು ಹಾಕತೀರಿ, ಅದು ನಿಮ್ಮದ ಆಗೇತಿ ಅಂತ ನಾವು ತಿಳದಿದ್ವಿರಿ” ಎಂದರು. ಅವರ ಮಾತಿನಲ್ಲಿ ಕಪಟವಿರಲಿಲ್ಲ. ನಾನು ಅದನ್ನು ಅವರ ಬೆಕ್ಕೆಂದು ತಿಳಿದು ಹೊಣೆ ಬಿಟ್ಟಿದ್ದೆ. ಅವರು ನನ್ನ ಬೆಕ್ಕೆಂದು ತಿಳಿದು ಹೊಣೆ ಬಿಟ್ಟಿದ್ದರು. ನಡುವಿನ ಒಂದು ಗೋಡೆಯಷ್ಟು ಮೌನದಲ್ಲಿ ಆ ಜೀವ ಎರಡು ಮನೆಗಳಿದ್ದೂ ಅನಾಥವಾಗಿತ್ತು. ಎರಡು ವರ್ಷಗಳಲ್ಲಿ ಒಂದು ದಿನ ನಾನು ಆ ಹೊಸ್ತಿಲನ್ನು ದಾಟಿದ್ದರೆ ಆ ಎಂಟು ಮರಿಗಳ ಕಥೆಯೇ ಬೇರೆಯಾಗುತ್ತಿತ್ತು.

ಮನೆಯ ಹಿರಿಯ ತಾಯಿಯೊಬ್ಬರು ಮಾತ್ರ ಒಪ್ಪಲಿಲ್ಲ. “ತಾಯಿ ಆಗೂದನ್ನ ಕಸಗೊಳ್ಳಾಕ ನಾವು ಯಾರಪ್ಪಾ?” ಎಂದು ಕೇಳಿದರು. ಇದು ತಳ್ಳಿಹಾಕುವ ಪ್ರಶ್ನೆಯಲ್ಲ. ನಿಸರ್ಗದ ಕೆಲಸದಲ್ಲಿ ಕೈ ಹಾಕಲು ಯಾರಿಗಾದರೂ ಅಂಜಿಕೆ ಇರಬೇಕಾದುದೇ. ಆದರೆ ಬೆಕ್ಕನ್ನು ನಿಸರ್ಗದಿಂದ ನಾವು ಕರೆತಂದು ಬಹಳ ಕಾಲವಾಯಿತು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷಗಳಷ್ಟು ಹಳೆಯ ಸಮಾಧಿಯೊಂದರಲ್ಲಿ ಮನುಷ್ಯನ ಮಗ್ಗುಲಲ್ಲೇ ಹೂಳಿದ ಬೆಕ್ಕಿನ ಅಸ್ಥಿಗಳು ದೊರೆತುದು 2004ರಲ್ಲಿ ಪ್ರಕಟವಾಯಿತು. ಕಾಳನ್ನು ಕೂಡಿಟ್ಟ ಮನುಷ್ಯ, ಕಾಳಿಗೆ ಬಂದ ಇಲಿ, ಇಲಿಗೆ ಬಂದ ಬೆಕ್ಕು: ಅಂದಿನ ಒಡಂಬಡಿಕೆಯೇ ನೆರೆಮನೆಯ ಜೋಳದ ಚೀಲಗಳವರೆಗೆ ನಡೆದು ಬಂದಿದೆ. ಉಪಯೋಗವನ್ನು ನಾವು ಪಡೆದ ಮೇಲೆ, ಫಲಕ್ಕೆ ಮಾತ್ರ ನಿಸರ್ಗವನ್ನು ಹೊಣೆ ಮಾಡುವುದು ನ್ಯಾಯವೇ? ನಾನು ಆ ತಾಯಿಗೆ ಇಷ್ಟೆಲ್ಲ ಹೇಳಲಿಲ್ಲ. ಆ ಮೂರು ರಾತ್ರಿಗಳ ಕೂಗು ನಿಮಗೂ ಕೇಳಿಸಿತ್ತೇ ಎಂದಷ್ಟೇ ಕೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಮರುವಾರ ಬೆಕ್ಕನ್ನು ಒಯ್ಯಲು ಮುಚ್ಚಳವಿದ್ದ ಬುಟ್ಟಿಯನ್ನು ಹುಡುಕಿ ಕೊಟ್ಟವರು ಅವರೇ.

ಮನುಷ್ಯರೇ ಹಸಿದಿರುವಾಗ ಬೆಕ್ಕಿನ ಮಾತೇಕೆ ಎನ್ನುವವರೂ ಉಂಟು. ಅವರಿಗೆ ನಾನು ಹೇಳುವುದಿಷ್ಟೆ: ಬೆಕ್ಕಿನ ನೆಪದಲ್ಲಿ ನಾನು ಎರಡು ವರ್ಷಗಳ ಮೇಲೆ ನೆರೆಯ ಮನುಷ್ಯನೊಡನೆ ಮಾತನಾಡಿದೆ. ದಯೆ ಒಂದು ಕಡೆ ಖರ್ಚಾದರೆ ಇನ್ನೊಂದು ಕಡೆ ಕಡಿಮೆ ಬೀಳುವ ಹಣವಲ್ಲ. ಬಳಸಿದಷ್ಟೂ ಪಳಗುವ ಕೈ ಅದು.

ನಮ್ಮ ದೇಶದ ಕಾನೂನು ಸಹ ಈ ಹೊಣೆಯನ್ನು ಕಂಡಿದೆ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 3ನೆಯ ಕಲಮು ಪ್ರಾಣಿಯ ಕ್ಷೇಮದ ಕರ್ತವ್ಯವನ್ನು ಒಡೆಯನ ಮೇಲಷ್ಟೇ ಅಲ್ಲದೆ ಅದರ ಆರೈಕೆ ವಹಿಸಿಕೊಂಡ ಪ್ರತಿಯೊಬ್ಬನ ಮೇಲೂ ಇರಿಸಿದೆ. 1976ರ 42ನೆಯ ತಿದ್ದುಪಡಿ ಜೀವಿಗಳಲ್ಲಿ ಅನುಕಂಪವನ್ನು ನಾಗರಿಕನ ಮೂಲಭೂತ ಕರ್ತವ್ಯಗಳಲ್ಲಿ ಸೇರಿಸಿತು. ಆದರೆ ಕಾನೂನು ತಪ್ಪನ್ನು ತೋರಿಸಬಲ್ಲುದೇ ಹೊರತು ಹೊಸ್ತಿಲನ್ನು ದಾಟಿಸಲಾರದು. ಅದನ್ನು ನಾವೇ ದಾಟಬೇಕು.

ಶಸ್ತ್ರಚಿಕಿತ್ಸೆಯ ಖರ್ಚನ್ನು ಎರಡೂ ಮನೆಯವರು ಹಂಚಿಕೊಂಡೆವು. ಗಾಯ ಮಾದ ಮೇಲೆ ಹುಚ್ಚುನಾಯಿ ರೋಗದ ಲಸಿಕೆಯನ್ನೂ ಹಾಕಿಸಿದೆವು. ಈಗ ಬೆಕ್ಕು ಮೈದುಂಬಿಕೊಂಡಿದೆ. ಬೆಳಿಗ್ಗೆ ಅವರ ಮನೆ, ಸಂಜೆ ನಮ್ಮ ಮನೆ. ಮಧ್ಯಾಹ್ನ ನಡುಗೋಡೆಯ ಮೇಲೆ ನಿದ್ರೆ. ಕಳೆದ ಆಷಾಢದಲ್ಲಿ ನಮ್ಮ ಗಟಾರದಲ್ಲಿ ಬರಿಯ ಮಳೆನೀರು ಹರಿಯಿತು.

ಆದಕಾರಣ ಓದುಗರೇ, ನಿಮ್ಮ ಬಾಗಿಲಿಗೆ ಯಾರದೋ ಹಸಿದ ಜೀವ ಬಂದು ಕುಳಿತರೆ ಬಟ್ಟಲನ್ನು ಖಂಡಿತವಾಗಿ ಇಡಿರಿ. ಆದರೆ ಇಟ್ಟ ಗಳಿಗೆಯಿಂದ ಅದರ ನಾಳೆಯೂ ಅಷ್ಟಿಷ್ಟು ನಿಮ್ಮದಾಯಿತೆಂದು ತಿಳಿಯಿರಿ. ಬಟ್ಟಲನ್ನಿಟ್ಟ ಕೈಯಿಂದಲೇ ನೆರೆಮನೆಯ ಬಾಗಿಲನ್ನೂ ತಟ್ಟಿರಿ.