ಬೀಗದ ಕೈ ಯಾರ ಸೊಂಟದಲ್ಲಿ?

ಅಮ್ಮ ಇರುವ ವೃದ್ಧಾಶ್ರಮದಲ್ಲಿ ಮೂರು ವರ್ಷದ ಹಿಂದೆ ಒಂದು ರಾತ್ರಿ ಹೊಗೆ ತುಂಬಿಕೊಂಡಿತು. ಯಾರಿಗೂ ಏನೂ ಆಗಲಿಲ್ಲ. ಏನೂ ಆಗದ ಕಾರಣ ಪತ್ರಿಕೆಯಲ್ಲಿ ಸುದ್ದಿ ಬರಲಿಲ್ಲ, ಆಶ್ರಮದವರು ನಮಗೆ ಫೋನ್ ಮಾಡಿ ತಿಳಿಸಲೂ ಇಲ್ಲ. ಭಾನುವಾರ ಬಾಳೆಹಣ್ಣು, ಕೋಡುಬಳೆ ಕಟ್ಟಿಕೊಂಡು ನಾನು ನೋಡಲು ಹೋದಾಗ ಅಮ್ಮನೇ ಹೇಳಿದಳು. ಅದೂ ಮಾತಿನ ನಡುವೆ, ಸಾರಿಗೆ ಉಪ್ಪು ಜಾಸ್ತಿಯಾಗಿತ್ತು ಎಂದು ಹೇಳುವ ಹಾಗೆ.

"ಮೊನ್ನೆ ರಾತ್ರಿ ಇನ್ವರ್ಟರ್ ಸುಟ್ಟುಹೋಯ್ತು ಕಣೇ. ಮೆಟ್ಟಿಲ ಕೆಳಗಿಂದ ಹೊಗೆ ಮೇಲಕ್ಕೆ ಬಂತು. ಆ ಹುಡುಗಿ ಗ್ರಿಲ್ ಹಿಡ್ಕೊಂಡು ಕೂಗಿದ್ದೇ ಕೂಗಿದ್ದು. ಬೀಗದ ಕೈ ವಾಚ್‌ಮನ್ ಹತ್ರ ಇತ್ತಲ್ಲ, ಅವನು ಗೇಟಿನ ಹೊರಗೆ ಬೀಡಿ ಸೇದ್ತಾ ನಿಂತಿದ್ನಂತೆ."

ಎಷ್ಟು ಹೊತ್ತಾಯಿತು ಬಾಗಿಲು ತೆಗೆಯಲು ಎಂದು ಕೇಳಿದೆ. "ಎರಡು ಸಲ ವಿಷ್ಣು ಸಹಸ್ರನಾಮ ಶುರು ಮಾಡಿದೆ, ಎರಡು ಸಲಾನೂ ಮಧ್ಯೆ ಮರೆತುಹೋಯ್ತು" ಎಂದಳು. ಎಪ್ಪತ್ತು ವರ್ಷದಿಂದ ಬಾಯಿಪಾಠವಾದದ್ದು ಅಮ್ಮನಿಗೆ ಮರೆತುಹೋಗಿತ್ತು. ಅವಳಿಗೆ ಎಷ್ಟು ಭಯವಾಗಿತ್ತೆಂದು ನನಗೆ ಗೊತ್ತಾದದ್ದು ಅಷ್ಟರಿಂದಲೇ.

ಆ ಬೀಗವನ್ನು ನಾನು ಮೊದಲೇ ನೋಡಿದ್ದೆ. ಸೊಂಟದ ಮೂಳೆ ಮುರಿದಿದ್ದ ಅಮ್ಮನನ್ನು ಅಲ್ಲಿ ಸೇರಿಸಿದ ದಿನ, ಮೇಲ್ವಿಚಾರಕಿ ಮೆಟ್ಟಿಲ ತಲೆಯ ಗ್ರಿಲ್ಲನ್ನು ತೋರಿಸಿ, "ರಾತ್ರಿ ಒಂಬತ್ತಕ್ಕೆ ಬೀಗ ಹಾಕಿಬಿಡ್ತೀವಿ, ನೀವು ಯೋಚನೆ ಮಾಡಬೇಡಿ" ಎಂದಿದ್ದರು. ನಾನು ಯೋಚನೆ ಮಾಡಲಿಲ್ಲ. ಅದನ್ನು ಕೇಳಿ ಸಮಾಧಾನಪಟ್ಟುಕೊಂಡಿದ್ದೆ. ನಮ್ಮ ಮನೆಯಲ್ಲೂ ಅದೇ ತಾನೇ ಇರುವುದು? ಕಿಟಕಿಗೆ ಸರಳು, ಬಾಲ್ಕನಿಗೆ ಗ್ರಿಲ್, ಅದಕ್ಕೊಂದು ಬೀಗ, ಬೀಗದ ಕೈ ಗಾಡ್ರೇಜ್ ಬೀರುವಿನೊಳಗೆ. ಮಧ್ಯಮ ವರ್ಗದ ನಾವು ಸುರಕ್ಷತೆ ಎಂದು ಯಾವುದನ್ನು ಕರೆಯುತ್ತೇವೋ ಅದು ಹೆಚ್ಚಾಗಿ ಕಬ್ಬಿಣದಲ್ಲೇ ಇರುತ್ತದೆ. ಕಳ್ಳ ಒಳಗೆ ಬರಬಾರದೆಂದು ಇಷ್ಟೆಲ್ಲ ಮಾಡುತ್ತೇವೆ. ಒಳಗಿರುವವರು ಹೊರಗೆ ಹೋಗಬೇಕಾದ ಗಳಿಗೆ ಬಂದರೆ ಏನು ಮಾಡಬೇಕೆಂದು ಯೋಚಿಸುವುದಿಲ್ಲ.

ಆಶ್ರಮದ ಬೀಗಕ್ಕೆ ಒಂದು ಕಾರಣವಿತ್ತು, ಅದನ್ನು ಮರೆಮಾಚಬಾರದು. ಅಲ್ಲಿ ಮರೆವಿನ ಕಾಯಿಲೆಯ ಒಬ್ಬ ಹಿರಿಯರಿದ್ದರು. ಒಮ್ಮೆ ರಾತ್ರಿ ಎದ್ದು, ಶಾಲೆಗೆ ಹೊತ್ತಾಯಿತೆಂದು ಹೆದ್ದಾರಿಯವರೆಗೆ ನಡೆದುಬಿಟ್ಟಿದ್ದರು. ಅವರು ಮೂವತ್ತು ವರ್ಷ ಮೇಷ್ಟ್ರಾಗಿದ್ದವರು. ಬೀಗ ಬಂದದ್ದು ಅದಾದ ಮೇಲೆ. ಹೊಗೆಯ ವಿಷಯ ಎತ್ತಿದಾಗ ಮೇಲ್ವಿಚಾರಕಿ ಅದನ್ನೇ ಕೇಳಿದರು: "ಬೀಗ ತೆಗೆದು, ಮೇಷ್ಟ್ರು ಲಾರಿಗೆ ಸಿಕ್ಕಿದರೆ ಹೊಣೆ ಯಾರು ಮೇಡಂ?"

ಈ ಪ್ರಶ್ನೆಯನ್ನು ನಾನು ಬಹಳ ದಿನ ತಲೆಯಲ್ಲಿ ಹೊತ್ತುಕೊಂಡು ತಿರುಗಿದೆ. ಮೇಷ್ಟ್ರು ರಸ್ತೆಗೆ ಹೋದರೆ 'ಯಾಕೆ ಬಿಟ್ಟಿರಿ' ಎಂದು ಜನ ಕೇಳುತ್ತಾರೆ. ಬೆಂಕಿ ಬಿದ್ದು ಇಪ್ಪತ್ತು ಜನ ಸತ್ತರೆ 'ವಿಧಿ' ಎನ್ನುತ್ತಾರೆ. ನಾವು ದೊಡ್ಡ ಅಪಾಯಕ್ಕೆ ಹೆದರುವುದಕ್ಕಿಂತ ನಮ್ಮನ್ನು ಯಾರಾದರೂ ಹೆಸರು ಹಿಡಿದು ಕೇಳಬಹುದಾದ ಅಪಾಯಕ್ಕೆ ಹೆಚ್ಚು ಹೆದರುತ್ತೇವೆ. ಬೀಗ ಮೇಷ್ಟ್ರನ್ನು ಕಾಯುತ್ತಿತ್ತು, ನಿಜ. ನಮ್ಮೆಲ್ಲರ ಮನಸ್ಸಿನ ನೆಮ್ಮದಿಯನ್ನು ಅದಕ್ಕಿಂತ ಹೆಚ್ಚಾಗಿ ಕಾಯುತ್ತಿತ್ತು.

ತಮಿಳುನಾಡಿನ ಏರ್ವಾಡಿಯ ಹೆಸರು ನಿಮಗೆ ನೆನಪಿರಬಹುದು. 2001ರ ಆಗಸ್ಟ್ 6ರ ಬೆಳಗಿನ ಜಾವ ಅಲ್ಲಿ ಮಾನಸಿಕ ರೋಗಿಗಳನ್ನು ಇಟ್ಟುಕೊಂಡಿದ್ದ ಒಂದು ಚಪ್ಪರಕ್ಕೆ ಬೆಂಕಿ ಬಿತ್ತು. 28 ಜನ ಸತ್ತರು. ಅವರ ಕಾಲಿಗೆ ಸರಪಳಿ ಹಾಕಿತ್ತು. ಅವರನ್ನು ಅಲ್ಲಿಗೆ ಕರೆತಂದು ಬಿಟ್ಟವರಲ್ಲಿ ತಾಯಂದಿರಿದ್ದರು, ಅಣ್ಣತಮ್ಮಂದಿರಿದ್ದರು. ದರ್ಗಾದ ಸನ್ನಿಧಿಯಲ್ಲಿ ವಾಸಿಯಾಗಲಿ ಎಂಬ ನಂಬಿಕೆಯಿಂದ ಬಿಟ್ಟುಹೋಗಿದ್ದರು. ಓಡಿಹೋಗದಿರಲಿ, ಪೆಟ್ಟು ಮಾಡಿಕೊಳ್ಳದಿರಲಿ ಎಂದೇ ಸರಪಳಿ. ಮಾನಸಿಕ ರೋಗಿಗಳನ್ನು ಯಾವ ರೀತಿಯಲ್ಲೂ ಸರಪಳಿಯಲ್ಲಿ ಕಟ್ಟಬಾರದೆಂದು ಕಾನೂನು ಮಾತಿಗೆ ಮಾತು ಬರೆದಿಟ್ಟದ್ದು 2017ರಲ್ಲಿ. ಆ ಸುದ್ದಿ ಓದಿದಾಗ ಎಂಥ ಕ್ರೂರಿಗಳು ಎಂದುಕೊಂಡಿದ್ದೆ. ಇಪ್ಪತ್ತು ವರ್ಷ ಕಳೆದ ಮೇಲೆ, ಗ್ರಿಲ್ಲಿನ ಬೀಗ ನೋಡಿ ಸಮಾಧಾನಪಟ್ಟುಕೊಂಡವಳು ನಾನೇ.

ಬೆಂಗಳೂರಿನಲ್ಲೇ, 2010ರ ಫೆಬ್ರವರಿ 23ರಂದು, ಕಾರ್ಲ್‌ಟನ್ ಟವರ್ಸ್ ಎಂಬ ಏಳು ಅಂತಸ್ತಿನ ಕಟ್ಟಡದಲ್ಲಿ 9 ಜನ ಸತ್ತರು. ಅವರೆಲ್ಲ ಗಟ್ಟಿಮುಟ್ಟಾದ, ಕೆಲಸಕ್ಕೆ ಬಂದಿದ್ದ ಜನ. ಹೊಗೆ ತಾಳಲಾರದೆ ಕಿಟಕಿ ಒಡೆದು ಕೆಲವರು ಕೆಳಕ್ಕೆ ಹಾರಿದರು. ಮರುವರ್ಷ ಡಿಸೆಂಬರ್ 9ರಂದು ಕೋಲ್ಕತ್ತದ ಒಂದು ದೊಡ್ಡ ಆಸ್ಪತ್ರೆಯಲ್ಲಿ ನೆಲಮಾಳಿಗೆಯ ಬೆಂಕಿಯ ಹೊಗೆ ಮೇಲಿನ ವಾರ್ಡುಗಳಿಗೆ ಹಬ್ಬಿ ಸುಮಾರು 90 ಜನ ತೀರಿಕೊಂಡರು. ಹೆಚ್ಚಿನವರ ಮೈ ಸುಟ್ಟಿರಲಿಲ್ಲ, ಉಸಿರು ಕಟ್ಟಿತ್ತು. ಕೇರಳದ ಇಬ್ಬರು ಎಳೆಯ ನರ್ಸುಗಳು ಎಂಟು ರೋಗಿಗಳನ್ನು ಸಾಗಿಸಿ, ಇನ್ನೊಬ್ಬರಿಗಾಗಿ ಮತ್ತೆ ಒಳಗೆ ಹೋಗಿ ಅಲ್ಲೇ ಉಳಿದರು. ಇದನ್ನೆಲ್ಲ ಓದುವಾಗ ನನಗೆ ತಿಳಿದದ್ದು ಇಷ್ಟು: ಬೆಂಕಿಗಿಂತ ಮೊದಲು ಹೊಗೆ ಕೊಲ್ಲುತ್ತದೆ. ಹೊಗೆಗೆ ಮೆಟ್ಟಿಲೇ ಚಿಮಣಿ. ಆ ಮೆಟ್ಟಿಲ ಕೆಳಗೇ ನಾವು ಇನ್ವರ್ಟರನ್ನೂ ಹಳೆಯ ಹಾಸಿಗೆಗಳನ್ನೂ ತುಂಬಿಡುತ್ತೇವೆ, ಜಾಗ ವ್ಯರ್ಥವಾಗಬಾರದಲ್ಲ!

ಇನ್ನು ನಾನು ಮಾಡಿದ ಕೆಲಸ ಹೇಳಬೇಕು. ಹೇಳಲು ಸಂಕೋಚ, ಆದರೆ ಈ ಲೇಖನ ಬರೆಯುತ್ತಿರುವುದೇ ಅದಕ್ಕಾಗಿ.

ಅಮ್ಮ ಹೊಗೆಯ ಸುದ್ದಿ ಹೇಳಿದ ಆ ಭಾನುವಾರವೇ ನಾನು ಕಚೇರಿ ಕೋಣೆಗೆ ಹೋಗಿ ಕೂತೆ. ಅಮ್ಮನನ್ನು ಕೆಳಗಿನ ಮನೆಗೆ, ಬಾಗಿಲ ಪಕ್ಕದ ಕೋಣೆಗೆ ಹಾಕಿಕೊಡಿ, ಇಲ್ಲವಾದರೆ ಕರೆದುಕೊಂಡು ಹೋಗುತ್ತೇನೆ ಎಂದೆ. ದನಿ ಸ್ವಲ್ಪ ಏರಿಸಿಯೇ ಹೇಳಿದೆ. ತಿಂಗಳ ಹಣ ತಪ್ಪದೆ ಕಟ್ಟುವವಳು ನಾನು, ನನ್ನ ಮಾತಿಗೆ ಬೆಲೆಯಿತ್ತು. ಮೂರನೆಯ ದಿನ ಅಮ್ಮ ಕೆಳಕ್ಕೆ ಬಂದಳು. ಆ ವಾರ ನಾನು ಸುಖವಾಗಿ ನಿದ್ದೆ ಮಾಡಿದೆ.

ಮುಂದಿನ ಭಾನುವಾರ ಹೋದರೆ ಅಮ್ಮ ಮುಖ ಕೊಟ್ಟು ಮಾತಾಡಲಿಲ್ಲ. ಕೋಣೆ ಚೆನ್ನಾಗಿದೆಯಾ ಎಂದು ಕೇಳಿದೆ.

"ಕೋಣೆಗೇನು, ಚೆನ್ನಾಗಿದೆ. ಇದರಲ್ಲಿದ್ದ ಅಜ್ಜಿಯನ್ನ ಮೇಲಕ್ಕೆ ಹಾಕಿದ್ದಾರೆ. ಅವಳಿಗೆ ಒಂದು ಪಕ್ಕ ಬಿದ್ದುಹೋಗಿದೆ, ಮಗ್ಗುಲು ಬದಲಾಯಿಸೋಕೂ ಇನ್ನೊಬ್ಬರು ಬೇಕು. ಕೇಳೋರಿಲ್ಲ ನೋಡು ಅವಳಿಗೆ."

ನಾನು ಸುಮ್ಮನಾದೆ. ಅಮ್ಮ ಸುಮ್ಮನಾಗಲಿಲ್ಲ. "ನನ್ನನ್ನ ಉಳಿಸೋಕೆ ಹೋಗಿ ಅವಳನ್ನ ತಗೊಂಡುಹೋಗಿ ಹೊಗೆಯಲ್ಲಿ ಇಟ್ಟೆಯಲ್ಲೇ" ಎಂದಳು.

ನನ್ನ ತಾಯಿಯನ್ನು ಕಾಪಾಡುವುದು ನನ್ನ ಧರ್ಮವಲ್ಲವೇ? ಅಂದು ಬಸ್ಸಿನಲ್ಲಿ ಕೂತು ಇದನ್ನೇ ನನ್ನೊಳಗೆ ವಾದಿಸಿದೆ. ಪ್ರತಿಯೊಬ್ಬರೂ ಅವರವರ ತಾಯಿಯನ್ನು ನೋಡಿಕೊಂಡರೆ ಎಲ್ಲ ತಾಯಂದಿರೂ ಕ್ಷೇಮ ಎಂಬ ಲೆಕ್ಕ ಕೇಳಲು ಚೆನ್ನಾಗಿದೆ. ಆದರೆ ನೋಡಿಕೊಳ್ಳುವವರೇ ಇಲ್ಲದವರು ಆ ಲೆಕ್ಕದ ಹೊರಗೆ. ಬಾಗಿಲ ಪಕ್ಕದ ಕೋಣೆ ಇರುವುದು ಒಂದೇ. ನನ್ನ ಪ್ರೀತಿ ಅಲ್ಲಿ ಹೊಸ ಬಾಗಿಲನ್ನೇನೂ ಇಡಿಸಿರಲಿಲ್ಲ. ಇದ್ದ ಬಾಗಿಲನ್ನು ಒಬ್ಬರಿಂದ ಕಿತ್ತು ಇನ್ನೊಬ್ಬರಿಗೆ ಕೊಡಿಸಿತ್ತು, ಅಷ್ಟೆ.

ಆಗ ನೆನಪಾದದ್ದು ಅರಗಿನ ಮನೆ. ಚಿಕ್ಕಂದಿನಲ್ಲಿ ಈ ಕಥೆಯನ್ನು ಅಮ್ಮನೇ ಹೇಳುತ್ತಿದ್ದಳು. ಯೋಚಿಸಿ ನೋಡಿದರೆ ಅಗ್ನಿ ಅನಾಹುತದಿಂದ ಪಾರಾಗುವ ಯೋಜನೆ ಅದಕ್ಕಿಂತ ಚೆನ್ನಾಗಿ ಎಲ್ಲಿದೆ? ವಿದುರ ಮುಂಚೆಯೇ ಎಚ್ಚರಿಕೆ ಕೊಟ್ಟ. ಸುರಂಗ ತೋಡುವವನನ್ನು ಕಳಿಸಿದ. ಮನೆಯ ನಡುವೆ ದಾರಿ ಸಿದ್ಧವಾಯಿತು. ನಡೆಯಲಾರದವರನ್ನು ಹೊತ್ತುಕೊಂಡು ಹೋಗಲು ಭೀಮನಿದ್ದ. ತಾಯಿ, ಐದು ಮಕ್ಕಳು, ಎಲ್ಲರೂ ಹೊರಗೆ ಬಂದರು. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡುವ ನಮ್ಮಂಥವರು ಕಲಿಯಬೇಕಾದದ್ದೆಲ್ಲ ಅದರಲ್ಲಿದೆ. ಆದರೆ ಅದೇ ರಾತ್ರಿ, ಊಟಕ್ಕೆ ಬಂದು ಅಲ್ಲೇ ಮಲಗಿದ್ದ ಬೇಡರ ಹೆಂಗಸೊಬ್ಬಳು ತನ್ನ ಐದು ಮಕ್ಕಳೊಂದಿಗೆ ಸುಟ್ಟುಹೋದಳು. ಅವಳ ಹೆಸರೇ ಕಥೆಯಲ್ಲಿಲ್ಲ. ಅವಳೂ ಒಬ್ಬ ತಾಯಿ, ಅವಳಿಗೂ ಐದೇ ಮಕ್ಕಳು. ಕುಂತಿ ಬದುಕಿದಳೆಂದು ಸಂತೋಷಪಡುತ್ತ ಕೇಳಿದ ಮಗು ನಾನು. ಈಗ ಬಾಗಿಲ ಪಕ್ಕದ ಕೋಣೆಯಲ್ಲಿ ಅಮ್ಮ ಕುಂತಿ. ಮೇಲೆ ಮಲಗಿದ ಅಜ್ಜಿ?

ಮತ್ತೆ ಆಶ್ರಮಕ್ಕೆ ಹೋದೆ. ಈ ಸಲ ಒಬ್ಬಳೇ ಹೋಗಲಿಲ್ಲ. ಅಲ್ಲಿರುವವರ ಮಕ್ಕಳು, ಸೊಸೆಯರು, ಒಬ್ಬ ಮೊಮ್ಮಗ, ಒಟ್ಟು ಒಂಬತ್ತು ಜನ ಸೇರಿದೆವು. ಜಗಳವಾಡಲಿಲ್ಲ. ಆಶ್ರಮದವರು ಕೆಟ್ಟವರೇನಲ್ಲ, ನಮ್ಮ ಹಾಗೆಯೇ ಯೋಚನೆ ಮಾಡದೆ ಇದ್ದವರು. ಕಟ್ಟಡಗಳಿಗೆ ನಿಯಮ ಹಾಕುವ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ವೃದ್ಧಾಶ್ರಮ, ಅನಾಥಾಶ್ರಮಗಳನ್ನು ಆಸ್ಪತ್ರೆ ಮತ್ತು ಸೆರೆಮನೆಗಳ ಜೊತೆ ಒಂದೇ ಗುಂಪಿನಲ್ಲಿ ಸೇರಿಸಿದ್ದಾರೆಂದು ಗುಂಪಿನಲ್ಲಿದ್ದ ಇಂಜಿನಿಯರ್ ಒಬ್ಬರು ಹೇಳಿದರು. ಸೆರೆಮನೆಯ ಜೊತೆಗಾ ಎಂದು ಒಬ್ಬ ಸೊಸೆ ಬೇಸರಪಟ್ಟಳು. ತಮ್ಮಷ್ಟಕ್ಕೆ ತಾವೇ ಹೊರಗೆ ಬರಲಾಗದವರು ಇರುವ ಜಾಗಗಳೆಲ್ಲ ಒಂದು ಕಡೆ ಎಂದು ಅವರು ವಿವರಿಸಿದರು. ಅಂಥ ಕಡೆ ಬಾಗಿಲಿನ ಜವಾಬ್ದಾರಿ ಹೊರಗಿನವರದು.

ಒಂದು ಹಾಳೆಯ ಮೇಲೆ ಇಪ್ಪತ್ತೊಂದು ಹೆಸರು ಬರೆದೆವು. ತಾವೇ ನಡೆದು ಬರಬಲ್ಲವರು ಎಂಟು. ಕೈ ಹಿಡಿದರೆ ಬರುವವರು ಏಳು. ಹೊತ್ತೇ ತರಬೇಕಾದವರು ಆರು. ಕೆಳಗೆ ಇದ್ದದ್ದು ಎಂಟು ಹಾಸಿಗೆ. ಹೊತ್ತು ತರಬೇಕಾದ ಆರು ಜನ ಕೆಳಕ್ಕೆ. ಉಳಿದ ಎರಡು ಹಾಸಿಗೆ ಕಣ್ಣು ಕಾಣದ ಒಬ್ಬರಿಗೆ, ಮರೆವಿನ ಮೇಷ್ಟ್ರಿಗೆ. ಇನ್ವರ್ಟರು ಹೊರಗಿನ ಶೆಡ್ಡಿಗೆ ಹೋಯಿತು. ಗ್ರಿಲ್ಲಿನ ಬೀಗ ಹೋಗಿ, ಒಳಗಿನಿಂದ ತೆಗೆಯುವ ಚಿಲಕ ಬಂತು. ಮೇಷ್ಟ್ರ ಕೋಣೆಯ ಬಾಗಿಲಿಗೆ ಒಂದು ಗಂಟೆ ಕಟ್ಟಿದೆವು, ತೆಗೆದರೆ ಸದ್ದಾಗುವ ಹಾಗೆ. ರಾತ್ರಿಗೆ ಇನ್ನೊಬ್ಬ ಆಯಾ ಬೇಕೆಂದಾಗ ಮಾತ್ರ ಮೌನ. ತಲೆಗೆ ತಿಂಗಳಿಗೆ ಆರುನೂರು ರೂಪಾಯಿ ಹೆಚ್ಚು ಬೀಳುತ್ತಿತ್ತು. ಇಬ್ಬರು ಆಗುವುದಿಲ್ಲ ಎಂದರು. ಕೇಳುವವರಿಲ್ಲದ ಅಜ್ಜಿಯ ಪಾಲೂ ಇತ್ತು. ಉಳಿದವರು ಹಂಚಿಕೊಂಡೆವು. ಹಂಚಿಕೊಂಡೆವು ಎಂದು ಬರೆಯುವುದು ಸುಲಭ. ಅದಕ್ಕೆ ಎರಡು ತಿಂಗಳು ಹಿಡಿಯಿತು.

ಅಗ್ನಿಶಾಮಕ ದಳದ ನಿವೃತ್ತರೊಬ್ಬರು ಬಂದು ಅಭ್ಯಾಸ ಮಾಡಿಸಿದರು. ಹೊಗೆಯಲ್ಲಿ ತಲೆ ತಗ್ಗಿಸಿ ಹೋಗಬೇಕು, ಶುದ್ಧ ಗಾಳಿ ನೆಲದ ಹತ್ತಿರ ಇರುತ್ತದೆ. ಹಾಸಿಗೆ ಹಿಡಿದವರನ್ನು ಎತ್ತುವ ಸಾಹಸ ಬೇಡ, ದಪ್ಪ ಜಮಖಾನದ ಮೇಲೆ ಉರುಳಿಸಿ ನೆಲದ ಮೇಲೆ ಎಳೆದುಕೊಂಡು ಬರಬೇಕು. ಹೊರಬರುವಾಗ ಕೋಣೆಯ ಬಾಗಿಲು ಎಳೆದುಕೊಳ್ಳಬೇಕು, ಹೊಗೆ ಅಲ್ಲಿಯೇ ಸ್ವಲ್ಪ ತಡೆಯುತ್ತದೆ. ಫೋನು 101 ಅಥವಾ 112. ಹೊರಗೆ ಬಂದ ಮೇಲೆ ಒಂದೇ ಮರದ ಕೆಳಗೆ ಸೇರಿ ತಲೆ ಎಣಿಸಬೇಕು.

ಮಾವಿನ ಮರದ ಕೆಳಗೆ ಎಣಿಸಿದೆವು. ಇಪ್ಪತ್ತೊಂದು ಹಿರಿಯರು, ಇಬ್ಬರು ಆಯಾಗಳು, ವಾಚ್‌ಮನ್. ಲೆಕ್ಕ ಸರಿಯಾಯಿತೆಂದು ಮೇಲ್ವಿಚಾರಕಿ ಚಪ್ಪಾಳೆ ತಟ್ಟಿದರು. ಆಗ ಅಮ್ಮ ವಾಕರ್ ಹಿಡಿದು ನಿಂತಲ್ಲಿಂದಲೇ ಕೇಳಿದಳು: "ಅಡಿಗೆಯವಳು ಎಲ್ಲಿ? ಅವಳ ಮಗಳು?"

ಗ್ಯಾಸ್ ಸಿಲಿಂಡರಿನ ಪಕ್ಕದ ಸಾಮಾನಿನ ಕೋಣೆಯಲ್ಲಿ ಆ ತಾಯಿಮಗಳು ರಾತ್ರಿ ಮಲಗುತ್ತಿದ್ದರು. ಗಂಟೆ ಬಾರಿಸಿದಾಗ ತನಗಲ್ಲವೆಂದು ಅವಳು ಅಕ್ಕಿ ಆರಿಸುತ್ತ ಕೂತಿದ್ದಳು. ನಮ್ಮ ಹಾಳೆಯಲ್ಲಿ ಅವರಿಬ್ಬರ ಹೆಸರಿರಲಿಲ್ಲ. ಅರಗಿನ ಮನೆಯ ಕಥೆಯನ್ನು ನೆನೆದು ಕಣ್ಣೀರು ಹಾಕಿದ್ದ ನಾನೇ ಆ ಹಾಳೆ ಬರೆದವಳು.

ಈಗ ಹಾಳೆಯಲ್ಲಿ ಅವರೂ ಇದ್ದಾರೆ, ಸಿಲಿಂಡರು ಹೊರಗಿದೆ.

ಇನ್ನೊಂದು ಮಾತು ಉಳಿಯಿತು. ಕೆಳಗಿನ ಎಂಟು ಹಾಸಿಗೆಯಲ್ಲಿ ಅಮ್ಮನದು ಇಲ್ಲ. ಅಷ್ಟರಲ್ಲಿ ಅವಳು ವಾಕರಿನಲ್ಲಿ ನಡೆಯಲು ಕಲಿತಿದ್ದಳು, ಕೈ ಹಿಡಿದರೆ ಬರುವವರ ಪಟ್ಟಿಯಲ್ಲಿ ಅವಳ ಹೆಸರು. ಆ ಅಜ್ಜಿ ಕೆಳಗೆ ಬಂದರು, ಅಮ್ಮ ಮತ್ತೆ ಮೇಲಕ್ಕೆ ಹೋದಳು. ಒಪ್ಪಿಗೆಗೆ ಸಹಿ ಹಾಕಿದವಳು ನಾನು. ಸಹಿ ಹಾಕುವಾಗ ಕೈ ಹಿಂದೆ ಮುಂದೆ ನೋಡಿತೆಂದು ಒಪ್ಪಿಕೊಳ್ಳುತ್ತೇನೆ.

ಮಳೆಗಾಲದ ರಾತ್ರಿ ಕರೆಂಟು ಹೋದಾಗ ಇಂದಿಗೂ ನನಗೆ ಎಚ್ಚರವಾಗುತ್ತದೆ. ಗ್ರಿಲ್ಲಿನ ಚಿಲಕ ಒಳಗಡೆ ಇದೆ, ಆಯಾ ಎದ್ದಿರುತ್ತಾಳೆ, ಅಮ್ಮನಿಗೆ ದಾರಿ ಗೊತ್ತು ಎಂದು ಒಂದೊಂದಾಗಿ ಹೇಳಿಕೊಳ್ಳುತ್ತೇನೆ. ಅಮ್ಮ ಬಾಗಿಲ ಪಕ್ಕದ ಕೋಣೆಯಲ್ಲಿದ್ದ ವಾರದ ಆ ಸುಖನಿದ್ದೆ ಮತ್ತೆ ಬಂದಿಲ್ಲ. ಅದು ಇನ್ನೊಬ್ಬರ ನಿದ್ದೆಯಾಗಿತ್ತು. ಎದ್ದು ಹೋಗಿ ನಮ್ಮ ಬಾಲ್ಕನಿಯ ಬೀಗದ ಕೈ ಮೊಳೆಯಲ್ಲಿ ನೇತಾಡುತ್ತಿದೆಯೇ ಎಂದು ಕತ್ತಲಲ್ಲಿ ಕೈಯಾಡಿಸಿ ನೋಡಿ, ಮತ್ತೆ ಮಲಗುತ್ತೇನೆ.