ಒಬ್ಬನ ಬಾಳಿನ ಬೆಲೆ

ಧ್ಯಾನಕ್ಕೆ ವಾಕ್ಯಭಾಗ: ಲೂಕನ ಸುವಾರ್ತೆ 2ನೆಯ ಅಧ್ಯಾಯ, 1ರಿಂದ 20ನೆಯ ವಚನಗಳು.



ಕಳೆದ ಕ್ರಿಸ್ಮಸ್ ಹಬ್ಬದ ಮರುದಿನ ರಾತ್ರಿ ತಾವರಗೇರಾದ ನಮ್ಮ ಯೌವನಸ್ಥರು ಬಿಳೀ ಧೋತರವನ್ನು ಪರದೆಯಾಗಿ ಕಟ್ಟಿ, ಅಮೇರಿಕಾ ದೇಶದ ಒಂದು ಹಳೆಯ ಚಿತ್ರವನ್ನು ತೋರಿಸಿದರು. ‘ಇಟ್ಸ್ ಎ ವಂಡರ್‌ಫುಲ್ ಲೈಫ್’, ಅಂದರೆ ‘ಬಾಳು ಅದ್ಭುತವಾದದ್ದು’ ಎಂಬದು ಅದರ ಹೆಸರು. 1946ನೆಯ ಇಸವಿಯಲ್ಲಿ ಫ್ರ್ಯಾಂಕ್ ಕಾಪ್ರಾ ಎಂಬವರು ಅದನ್ನು ನಿರ್ಮಿಸಿದರು. ಜೇಮ್ಸ್ ಸ್ಟುವರ್ಟ್ ಎಂಬವರು ಮುಖ್ಯ ಪಾತ್ರವನ್ನು ವಹಿಸಿದರು. ಮಾತು ಇಂಗ್ಲಿಷಿನದಾದದರಿಂದ ನಾನು ನಡುನಡುವೆ ನಿಲ್ಲಿಸಿ ಅರ್ಥ ಹೇಳಬೇಕಾಯಿತು. ಆದರೂ ಕಡೆಯ ವರೆಗೆ ಒಬ್ಬರೂ ಎದ್ದು ಹೋಗಲಿಲ್ಲ. ಬಣ್ಣವಿಲ್ಲದ, ಹಿಮ ಸುರಿಯುವ ದೂರದೇಶದ ಆ ಕಥೆಯು ಸಜ್ಜೆ ತೊಗರಿ ಬಿತ್ತುವ ನಮ್ಮ ಬೆದ್ದಲು ಸೀಮೆಯವರನ್ನು ಯಾಕೆ ಹಿಡಿದು ಕೂಡ್ರಿಸಿತು?

ಕಥೆಯು ಹೀಗಿದೆ. ಜಾರ್ಜ್ ಬೇಲಿ ಎಂಬವನು ಒಂದು ಚಿಕ್ಕ ಊರಿನವನು. ಲೋಕವನ್ನೆಲ್ಲಾ ಸುತ್ತಿ ದೊಡ್ಡ ಕೆಲಸಗಳನ್ನು ಮಾಡಬೇಕೆಂಬದೇ ಅವನ ಆಶೆ. ಆದರೆ ತಂದೆಯು ತೀರಿಕೊಂಡನು. ತಂದೆಯು ನಡಿಸುತ್ತಿದ್ದ ಸಂಘವು ಬಡವರಿಗೆ ಮನೆ ಕಟ್ಟಿಕೊಳ್ಳಲು ಸಾಲ ಕೊಡುವಂಥದು. ನಮ್ಮ ಜನರ ಮಾತಿನಲ್ಲಿ ಒಂದು ಸೊಸಾಯಿಟಿ. ನೆರೆಯ ಗದಗ ಸೀಮೆಯ ಕಣಗಿನಹಾಳದಲ್ಲಿ 1905ನೆಯ ಇಸವಿಯಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರಿಗಾಗಿ ಸಹಕಾರಿ ಸಂಘವನ್ನು ಸ್ಥಾಪಿಸಿದ್ದನ್ನು ನೀವು ಕೇಳಿರುವಿರಿ. ಬಡವರು ಕೂಡಿಸಿದ ಹಣವೇ ಬಡವರಿಗೆ ಆಸರೆಯಾಗುವ ಮರ್ಮವು ಅಲ್ಲಿಯೂ ಇಲ್ಲಿಯೂ ಒಂದೇ. ಜಾರ್ಜನು ಬಿಟ್ಟುಹೋದರೆ ಸಂಘವು ಮುಚ್ಚುವದು. ಊರೆಲ್ಲಾ ಪಾಟರ್ ಎಂಬ ಲೋಭಿಯಾದ ಶ್ರೀಮಂತನ ಕೈಸೇರುವದು. ಆದಕಾರಣ ಅವನು ಉಳಿದನು. ತನ್ನ ಓದಿಗೆಂದು ಇಟ್ಟ ಹಣದಿಂದ ತಮ್ಮನನ್ನು ಓದಿಸಿದನು. ಜನರು ಗಾಬರಿಯಿಂದ ಠೇವಣಿಯನ್ನು ಹಿಂದಕ್ಕೆ ಕೇಳಲು ಮುತ್ತಿದ ದಿವಸ, ಮದುವೆಯ ಪ್ರವಾಸಕ್ಕೆ ಇಟ್ಟ ಹಣವನ್ನೂ ಅವರಿಗೆ ಕೊಟ್ಟುಬಿಟ್ಟನು.

ಒಂದು ಕ್ರಿಸ್ಮಸ್ ಹಬ್ಬದ ಹಿಂದಿನ ದಿನ ಸಂಘದ 8,000 ಡಾಲರು ಅವನ ಮುದಿ ಚಿಕ್ಕಪ್ಪನ ಕೈಯಿಂದ ತಪ್ಪಿ ಪಾಟರನ ಕೈಗೆ ಸಿಕ್ಕಿತು. ಪಾಟರನು ಅದನ್ನು ಬಚ್ಚಿಟ್ಟನು. ಇದನ್ನರಿಯದ ಜಾರ್ಜನು ತನ್ನ ಜೀವವಿಮೆಯ ಕಾಗದವನ್ನು ಹಿಡಿದು ಅವನ ಬಳಿಗೇ ಸಾಲಕ್ಕೆ ಹೋದಾಗ, ನೀನು ಬದುಕಿರುವದಕ್ಕಿಂತ ಸತ್ತರೇ ಹೆಚ್ಚು ಬೆಲೆಯವನೆಂದು ಪಾಟರನು ಹಾಸ್ಯಮಾಡಿದನು. ಆ ಮಾತನ್ನು ನಂಬಿ ಜಾರ್ಜನು ರಾತ್ರಿಯಲ್ಲಿ ಹೊಳೆಯ ಸೇತುವೆಯ ಮೇಲೆ ನಿಂತನು. ಆಗ ಒಬ್ಬ ದೂತನು ಬಂದು, ಅವನು ಹುಟ್ಟಿರದಿದ್ದರೆ ಊರು ಹೇಗಿರುತ್ತಿತ್ತೆಂದು ತೋರಿಸಿದನು. ಬಾಲ್ಯದಲ್ಲಿ ಮಂಜಿನ ನೀರಿನಿಂದ ಅವನು ಎಳೆದು ಉಳಿಸಿದ ತಮ್ಮನು ಅಲ್ಲಿ ಗೋರಿಯಲ್ಲಿದ್ದನು. ಆ ತಮ್ಮನು ಯುದ್ಧದಲ್ಲಿ ಉಳಿಸಬೇಕಾಗಿದ್ದ ಹಡಗಿನ ಸಿಪಾಯಿಗಳೂ ಸತ್ತಿದ್ದರು. ಬಡವರ ಮನೆಗಳಿದ್ದ ಕಡೆ ಸ್ಮಶಾನವಿತ್ತು. ಇದನ್ನು ಕಂಡು ಜಾರ್ಜನು ಅಳುತ್ತಾ, ಬದುಕನ್ನು ತಿರಿಗಿ ಕೊಡೆಂದು ಪ್ರಾರ್ಥಿಸಿದನು. ಮನೆಗೆ ಬಂದಾಗ ಊರವರೆಲ್ಲಾ ತಮ್ಮ ತಮ್ಮ ಕೂಡಿಟ್ಟ ಕಾಸನ್ನು ತಂದು ಅವನ ಮುಂದೆ ಸುರಿದರು.

ಈ ಚಿತ್ರದ ಚರಿತ್ರೆಯೂ ಗಮನಕ್ಕೆ ತಕ್ಕದ್ದು. ಫಿಲಿಪ್ ವ್ಯಾನ್ ಡೋರನ್ ಸ್ಟರ್ನ್ ಎಂಬವರು ಬರೆದ ಮೂಲಕಥೆಯನ್ನು ಯಾರೂ ಅಚ್ಚುಮಾಡಲೊಲ್ಲದೆ ಹೋದದರಿಂದ, ಅವರೇ 1943ರಲ್ಲಿ 200 ಪ್ರತಿಗಳನ್ನು ಅಚ್ಚುಹಾಕಿಸಿ ಸ್ನೇಹಿತರಿಗೆ ಕ್ರಿಸ್ಮಸ್ ಕಾಣಿಕೆಯಾಗಿ ಕಳುಹಿಸಿದರು. ಚಿತ್ರವಾದ ಮೇಲೂ ಅದು ಮೊದಲು ತನ್ನ ವೆಚ್ಚವನ್ನು ಹುಟ್ಟಿಸಲಿಲ್ಲ. 1974ರಲ್ಲಿ ಅದರ ಹಕ್ಕನ್ನು ನವೀಕರಿಸದೆ ಬಿಟ್ಟದ್ದರಿಂದ ದೂರದರ್ಶನ ಕೇಂದ್ರದವರು ಅದನ್ನು ಪ್ರತಿವರುಷ ಹಬ್ಬದಲ್ಲಿ ತೋರಿಸತೊಡಗಿದರು; ಹೀಗೆ ಅದು ಮನೆಮನೆಯ ಚಿತ್ರವಾಯಿತು. ಲೋಕವು ನಷ್ಟದ ಲೆಕ್ಕಕ್ಕೆ ಬರೆದದ್ದು ಎಷ್ಟೋ ಜನರಿಗೆ ಆದರಣೆಯಾಯಿತು.

ಚಿತ್ರವು ಮುಗಿದ ಮೇಲೆ ನಮ್ಮ ಸಭೆಯ ಒಬ್ಬ ವೃದ್ಧ ವಿಧವೆಯು, “ಉಪದೇಶೀರ, ಆ ರೊಕ್ಕಾ ಮುಚ್ಚಿಟ್ಟಾಂವ ಕಡೀಕ ಸಿಕ್ಕನೇನ್ರೀ?” ಎಂದು ಕೇಳಿದಳು.

“ಇಲ್ಲಬೇ, ಸಿಗಲಿಲ್ಲ. ಊರವರು ಬಂದು ಉಳಿಸಿದರು,” ಎಂದೆನು.

ಆಕೆಯು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮೊದಲಽ ಬಂದಿದ್ದರ ಅಂವ ಹೊಳೀತನಾ ಯಾಕ ಹೋಗತಿದ್ದ?” ಅಂದಳು.

ಪ್ರಿಯರೇ, ಆ ಮಾತು ನನ್ನನ್ನು ಇಂದಿನ ವರೆಗೂ ಬಿಟ್ಟಿಲ್ಲ. ಮಳೆ ತಪ್ಪಿದ ವರುಷ ನಮ್ಮ ಸೀಮೆಯಲ್ಲಿ ಬ್ಯಾಂಕಿನ ಸಾಲ, ಸಂಘದ ಕಂತು, ಸಾಹುಕಾರನ ಬಡ್ಡಿ ಒಂದೇ ಮನೆಯ ಬಾಗಿಲಿಗೆ ಬರುತ್ತವೆ. ಮಕ್ಕಳು ಗುಳೆ ಹೋಗುತ್ತಾರೆ. ಉಳಿದವನು ರಾತ್ರಿಯೆಲ್ಲಾ ನಿದ್ರೆಯಿಲ್ಲದೆ, ನಾನಿಲ್ಲದಿದ್ದರೇ ಮನೆಯವರಿಗೆ ಲೇಸೆಂದು ಎಣಿಸುತ್ತಾನೆ. ಅದು ಪಾಟರನ ಲೆಕ್ಕ, ಸುಳ್ಳು ಲೆಕ್ಕ. ಅಂಥವನ ಮಣ್ಣಿಗೆ ನಾವೆಲ್ಲರೂ ಬರುತ್ತೇವೆ, ಆದರೆ ಅವನು ಬದುಕಿದ್ದಾಗ ಎಷ್ಟು ಮಂದಿ ಹೋಗಿದ್ದೆವು?

ಇನ್ನೊಂದು ಮಾತುಂಟು. ಜಾರ್ಜನು ಅನೇಕರಿಗೆ ಉಪಕಾರಿಯಾದದರಿಂದ ಅವನ ಬಾಳು ಬೆಲೆಯುಳ್ಳದ್ದೆಂದು ಚಿತ್ರವು ಹೇಳುತ್ತದೆ. ಆದರೆ ಹಾಸಿಗೆ ಹಿಡಿದು ಯಾರಿಗೂ ಏನೂ ಮಾಡಲಾರದವನ ಗತಿಯೇನು? ಇಲ್ಲಿ ಸುವಾರ್ತೆಯು ಚಿತ್ರವನ್ನು ದಾಟಿ ಹೋಗುತ್ತದೆ. ಔಗುಸ್ತ ಚಕ್ರವರ್ತಿಯು ಜನರನ್ನು ಲೆಕ್ಕಕ್ಕೆ ಬರೆಯಿಸಿದ ಕಾಲದಲ್ಲಿಯೇ, ದೇವದೂತನು ಯಾರೂ ಲೆಕ್ಕಿಸದ ಕುರುಬರ ಬಳಿಗೆ ಬಂದನು. ಚಿತ್ರದ ದೂತನು ರೆಕ್ಕೆಗಳನ್ನು ಸಂಪಾದಿಸಿಕೊಳ್ಳಲು ಬಂದನು. ನಮ್ಮ ಕರ್ತನಾದರೋ ತನ್ನ ಮಹಿಮೆಯನ್ನು ಬಿಟ್ಟು ಗೋದಲಿಗೆ ಇಳಿದನು. ನಾವು ಯಾವ ಉಪಯೋಗಕ್ಕೂ ಬಾರದಿದ್ದಾಗಲೇ ಆತನು ನಮಗೋಸ್ಕರ ತನ್ನನ್ನು ಕೊಟ್ಟನು. ನಮ್ಮ ಬೆಲೆಯು ಆತನು ತೆತ್ತ ಕ್ರಯದಿಂದಲೇ ತಿಳಿಯಬೇಕು.

ಕುರುಬರು ಸುದ್ದಿಯನ್ನು ಕೇಳಿ ತಡಮಾಡದೆ ಹೊರಟರು. ನಾವೂ ಈ ಹಬ್ಬದೊಳಗೆ ಒಂದೊಂದು ಮನೆಗೆ ಹೋಗೋಣ. ಅವರ ಸಾಲದ ಸುದ್ದಿಯನ್ನು ಊರಲ್ಲಿ ಸಾರದೆ, ಅವರ ಸಂಗಡ ಕೂತು ಕೇಳೋಣ, ನೀನು ಇದ್ದದರಿಂದ ನನಗೆ ಇಂಥ ಒಳ್ಳೇದಾಯಿತೆಂದು ಬಾಯಿಬಿಟ್ಟು ಹೇಳೋಣ, ಕೈಲಾದದ್ದನ್ನು ಕೂಡಿಸೋಣ. ಇದನ್ನು ಓದುವವರಲ್ಲಿ ಯಾವನಾದರೂ ಆ ಕತ್ತಲೆಯಲ್ಲಿ ನಿಂತಿದ್ದರೆ, ಸಹೋದರನೇ, ನಾಚಬೇಡ, ಒಬ್ಬನೇ ಇರಬೇಡ. ಅರ್ಧರಾತ್ರಿಯಾದರೂ ನೆರೆಯವರ, ಹಿರಿಯರ, ಉಪದೇಶಿಯ ಬಾಗಿಲನ್ನು ತಟ್ಟು.

ಇಮ್ಮಾನುವೇಲನಾದ ಕರ್ತನು ನಮ್ಮೆಲ್ಲರನ್ನೂ ಕಾಯಲಿ. ಆಮೆನ್.